ಮೇಜಿನ ಕೆಳಗಿನ ಸವತಿ

ತೆಬಾನ್ ಸತ್ತಾಗ ಅವನ ಕೆನ್ನೆ ದೋನ್ಯಾಳ ಮೈಮೇಲಿತ್ತು. ಹೆಂಡತಿ ರೂಫಿನಾ ಮೀನು ಪೇಟೆಯಲ್ಲಿದ್ದಳು.

ಜನ ಇದನ್ನೇ ಅವಳಿಗೆ ಸಮಾಧಾನವೆಂದು ಹೇಳಿದರು. ಶವದ ಪೆಟ್ಟಿಗೆಯ ಪಕ್ಕ ಕೂತವಳ ಕೈ ಹಿಡಿದು, "ಒಂಟಿಯಾಗಿ ಹೋಗ್ಲಿಲ್ಲ ಕಣಕ್ಕ. ಇಷ್ಟಪಟ್ಟ ಜಾಗದಲ್ಲೇ ಹೋದ. ಎಷ್ಟು ಜನಕ್ಕೆ ಸಿಗುತ್ತೆ ಅಂಥ ಸಾವು?" ಎಂದರು. ರೂಫಿನಾ ತಲೆಯಾಡಿಸಿದಳು. ಆ ಮಾತು ಕೇಳಿದಾಗಲೆಲ್ಲ ಎದೆಯಲ್ಲಿ ಕೆಂಡ ಇಟ್ಟ ಹಾಗಾಗುತ್ತಿತ್ತು. ಇಷ್ಟಪಟ್ಟ ಜಾಗ ಅದಾದರೆ ತನ್ನ ಮನೆ ಏನು, ಛತ್ರವೇ?

ದೋನ್ಯಾ ಹೆಂಗಸಲ್ಲ. ಹೆಂಗಸಾಗಿದ್ದರೆ ರೂಫಿನಾ ಎಂದೋ ಜುಟ್ಟು ಹಿಡಿದು ಓಣಿಯ ನಡುವೆ ಎಳೆದು ತರುತ್ತಿದ್ದಳು, ಲೆಕ್ಕ ಅಲ್ಲಿಗೇ ತೀರುತ್ತಿತ್ತು. ದೋನ್ಯಾ ಒಂದು ಸೈರನ್ನು. ಮನಿಲಾದ ಕಾಮ್ಯಾಸ್ ಓಣಿಯಲ್ಲಿ ಅಂಗಡಿಯವರು, ರಿಪೇರಿಯವರು, ಬೀಗದವರು ಸೇರಿ ಕಟ್ಟಿಕೊಂಡ ಬೆಂಕಿ ಆರಿಸುವ ದಳವೊಂದಿದೆ. ಸಂಬಳವಿಲ್ಲ. ಕರೆ ಬಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುವುದು. ಆ ದಳದ ಕೆಂಪು ಬಂಡಿಯ ಮೂತಿಯ ಮೇಲೆ ಅದು ಕೂತಿತ್ತು. ಹಲಸಿನ ಹಣ್ಣಿನಷ್ಟು ದಪ್ಪ, ಕನ್ನಡಿಯಂಥ ಹೊಳಪು, ಮುಂದೆ ಜಾಲರಿ ಹಾಕಿದ ಬಾಯಿ. ಓಡಿಸುವವನ ಎಡಗಾಲಿನ ಕೆಳಗೆ ಒಂದು ಗುಂಡಿ. ಒತ್ತಿದರೆ ಒಳಗಿನ ಮೋಟಾರು ತಿರುಗಿ, ಮೊದಲು ಹೊಟ್ಟೆಯೊಳಗಿಂದ ಗುರುಗುಟ್ಟಿ, ಆಮೇಲೆ ಮೆಲ್ಲಗೆ ಏರಿ, ಓಣಿಯ ಕಿಟಕಿಗಳನ್ನೆಲ್ಲ ನಡುಗಿಸುತ್ತಿತ್ತು. ಕಾಲು ತೆಗೆದರೂ ತಕ್ಷಣ ನಿಲ್ಲುತ್ತಿರಲಿಲ್ಲ. ತನಗೆ ಬೇಕೆನಿಸಿದಾಗ ಇಳಿಯುತ್ತಿತ್ತು. ಅದಕ್ಕೇ ಗಂಡಸರು ಅವಳಿಗೆ ದೋನ್ಯಾ ಎಂದು ಹೆಸರಿಟ್ಟದ್ದು. ದೊಡ್ಡಮನೆಯ ಯಜಮಾನಿ, ಯಾರ ಮಾತೂ ಕೇಳದವಳು.

ರೂಫಿನಾಳ ಮದುವೆಯ ದಿನವೇ ಶುರುವಾಯಿತು. ಬಾಡಿಗೆ ಕಾರು ಬರಲಿಲ್ಲವೆಂದು ಅವಳನ್ನು ಇಗರ್ಜಿಯಿಂದ ಬೆಂಕಿ ಬಂಡಿಯಲ್ಲಿ ಕರೆತಂದರು. ಮುಂದೆ ಜಾಗವಿರಲಿಲ್ಲ. ಬಿಳಿ ಬಟ್ಟೆ ಎತ್ತಿ ಹಿಡಿದುಕೊಂಡು ಹಿಂದೆ, ನೀರಿನ ಕೊಳವೆಗಳ ಸುರುಳಿಯ ಮೇಲೆ ಕೂತಳು. ತೆಬಾನ್ ಓಡಿಸಿದ. ದಾರಿಯುದ್ದಕ್ಕೂ ದೋನ್ಯಾ ಹಾಡಿದಳು. ಓಣಿಯ ಜನ ಕೈ ತಟ್ಟಿ ಕೂಗಿದರು:

"ಲೋ ತೆಬಾನ್, ಮದುಮಗಳು ಯಾವಳೋ? ಮುಂದೆ ಕೂತೋಳೋ, ಹಿಂದೆ ಕೂತೋಳೋ?"

"ದೊಡ್ಡೋಳು ಮುಂದೆ, ಚಿಕ್ಕೋಳು ಹಿಂದೆ!" ಎಂದು ತೆಬಾನ್ ಕಿಟಕಿಯಿಂದ ತಲೆ ಹೊರಹಾಕಿ ನಕ್ಕ.

ಎಲ್ಲರೂ ನಕ್ಕರು. ರೂಫಿನಾಳೂ ನಕ್ಕಳು. ಅವಳಿಗಿನ್ನೂ ಚಿಕ್ಕ ವಯಸ್ಸು. ಬಟ್ಟೆಗೆ ಎಣ್ಣೆಯ ಕರೆ ಹತ್ತಿತ್ತು. ಮಾರನೇ ದಿನ ಕೂತು ತೆಗೆದಳು. ಕರೆ ತೆಗೆಯುವುದು ಅವಳ ಕಸುಬು. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು, ಆಗಿನಿಂದ ಊರವರ ಬಟ್ಟೆ ಒಗೆದವಳು. ಮಾವಿನ ಸೊನೆ, ರಕ್ತ, ತುಕ್ಕು, ಸೋಯಾ ರಸ, ಯಾವ ಕರೆ ಯಾವುದಕ್ಕೆ ಬಿಡುತ್ತದೆ ಎಂಬುದು ಅವಳ ಬೆರಳಿಗೆ ಗೊತ್ತು. ಆ ಮಾತೊಂದು ಮಾತ್ರ ಬಿಡಲಿಲ್ಲ. ದೊಡ್ಡೋಳು ಮುಂದೆ, ಚಿಕ್ಕೋಳು ಹಿಂದೆ.

ತೆಬಾನ್ ಕೆಟ್ಟ ಗಂಡನೇನಲ್ಲ. ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಮನೆಯ ಕೆಳಗೇ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ. ದುಡಿದದ್ದನ್ನು ತಂದು ಕೈಗೆ ಕೊಡುತ್ತಿದ್ದ. ಆದರೆ ಭಾನುವಾರ ಬೆಳಿಗ್ಗೆ ಅವನು ಅವಳವನಲ್ಲ. ಟೂತ್‌ಪೇಸ್ಟಿನ ಕೊಳವೆ ಜೇಬಿಗಿಟ್ಟುಕೊಂಡು, ಹಳೆಯ ಬನಿಯನ್ನಿನ ಚಿಂದಿ ಹೆಗಲಿಗೆ ಹಾಕಿಕೊಂಡು ಬಂಡಿ ನಿಲ್ಲಿಸುವ ಕೊಟ್ಟಿಗೆಗೆ ಹೋಗುವನು. ದೋನ್ಯಾಳ ಒಂದೊಂದೇ ಮಗ್ಗುಲಿಗೆ ಪೇಸ್ಟು ಬಳಿದು, ಅದು ಒಣಗಿ ಬೆಳ್ಳಗಾಗುವವರೆಗೆ ಪಕ್ಕದಲ್ಲಿ ಕೂತಿದ್ದು, ಆಮೇಲೆ ಉಜ್ಜುವನು. ಒಳಗಿನ ಬೇರಿಂಗಿನ ಗುಂಡುಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಬಿಡುವನು.

"ನಮ್ಮನೆ ಬಾಗ್ಲು ಕಿರುಗುಟ್ಟೋಕೆ ಶುರುವಾಗಿ ಎರಡು ವರ್ಷ ಆಯ್ತು. ಅದಕ್ಕೊಂದು ತೊಟ್ಟು ಎಣ್ಣೆ ಇಲ್ಲ," ಎಂದಳು ರೂಫಿನಾ ಒಮ್ಮೆ.

"ಬಾಗ್ಲು ಕಿರುಗುಟ್ಟಿದ್ರೆ ಯಾರೂ ಸಾಯಲ್ಲ ಕಣೆ."

"ನಾನು ಕಿರುಗುಟ್ಟಿದ್ರೆ?"

"ನೀನು ಕಿರುಗುಟ್ಟಿದ್ರೆ ನಾನು ಸಾಯ್ತೀನಿ," ಎಂದು ಅವನು ಹೊರಗೆ ಓಡಿದ.

ಊಟಕ್ಕೆ ಕೂತಾಗಲೂ ಅದೇ ಮಾತು. ತೆಬಾನನ ಅಜ್ಜನ ಕಾಲದಲ್ಲಿ ಬಂಡಿಗೆ ಕಂಚಿನ ಗಂಟೆ ಕಟ್ಟಿದ್ದರಂತೆ, ಒಬ್ಬ ಹಗ್ಗ ಎಳೆಯುತ್ತಲೇ ಹೋಗಬೇಕು. ಗಂಟೆ ಕೇಳಿದರೆ ಜನ ಪೂಜೆಗೋ ಬೆಂಕಿಗೋ ತಿಳಿಯದೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದರಂತೆ. ಮಹಾಯುದ್ಧ ಮುಗಿದ ಮೇಲೆ ಕೈಯಲ್ಲಿ ತಿರುಗಿಸುವ ಸೈರನ್ನು ಬಂತು. ಮೊದಲ ಸಲ ತಿರುಗಿಸಿದಾಗ ಅರ್ಧ ಓಣಿ ಮತ್ತೆ ಬಾಂಬು ಬಿತ್ತೆಂದು ಮಂಚದ ಕೆಳಗೆ ಸೇರಿತಂತೆ. ಆಮೇಲೆ ಬ್ಯಾಟರಿಯಲ್ಲಿ ಓಡುವ ದೋನ್ಯಾ. ಅವಳ ಜೊತೆಗೆ ಬಂಡಿಯ ನೆತ್ತಿಯ ಮೇಲೆ ಒಂದೇ ಒಂದು ಕೆಂಪು ದೀಪ, ಹುಚ್ಚಿಯ ಕಣ್ಣಿನ ಹಾಗೆ ಸುತ್ತುವುದು.

ಇನ್ನೂ ಆಮೇಲೆ ಬಂದದ್ದು ಎಲೆಕ್ಟ್ರಾನಿಕ್ ಸೈರನ್ನಿನ ಡಬ್ಬಿ. ಗುಂಡಿ ಒತ್ತಿದರೆ ಕೂಗು ಬದಲಾಗುತ್ತದೆ. ಒಂದು ಊಳಿಡುವುದು, ಒಂದು ನಾಯಿಮರಿಯ ಹಾಗೆ ಕುಂಯ್‌ಗುಡುವುದು. ಜನ ಅದನ್ನು ವಾಂಗ್‌ವಾಂಗ್ ಎಂದರು. ಶುರುವಿಗೆ ಆಂಬುಲೆನ್ಸಿಗೆ, ಪೊಲೀಸರಿಗೆ. ಆಮೇಲೆ ದುಡ್ಡಿದ್ದವರ ಕಾರಿಗೆಲ್ಲ ಬಂತು. ಶಾಸಕ ಊಟಕ್ಕೆ ಹೊರಟರೆ ವಾಂಗ್‌ವಾಂಗ್, ಅವನ ಹೆಂಡತಿ ತಲೆ ಬಾಚಿಸಿಕೊಳ್ಳಲು ಹೊರಟರೆ ವಾಂಗ್‌ವಾಂಗ್, ಮುಂದೆ ನೀಲಿ ಮಿಣುಕು ದೀಪ ಬೇರೆ. ಸರ್ಕಾರ ಬೇಡ ಅಂದಾಗ ಒಂದಷ್ಟು ದಿನ ಊರು ತಣ್ಣಗಾಗುತ್ತಿತ್ತು, ಮತ್ತೆ ಶುರು.

ತೆಬಾನ್ ಅನ್ನ ಕಲಸುತ್ತ ಕಿವಿ ಎತ್ತುವನು. "ಇದು ಆಸ್ಪತ್ರೆಯದು. ಒಳಗೆ ಪೇಷಂಟ್ ಇಲ್ಲ, ಡ್ರೈವರಿಗೆ ಹಸಿವಾಗಿದೆ." ಇನ್ನೊಂದು ಸಲ, "ಇದು ಕಾಲುವೆ ಆಚೆ ದಳದ್ದು. ನೀರು ತುಂಬಿಲ್ಲ, ಬಂಡಿ ಹಗುರ." ರೂಫಿನಾ ಮುಖ ತಿರುಗಿಸಿ ಕೂತರೂ ಕಿವಿ ಕಲಿತುಬಿಟ್ಟಿತು. ಸವತಿಯ ಚಪ್ಪಲಿಯ ಸಪ್ಪಳ ಹೆಂಡತಿಗೆ ಗೊತ್ತಿರುವ ಹಾಗೆ ಅವಳಿಗೆ ದೋನ್ಯಾಳ ಗುರುತು ಗೊತ್ತಾಯಿತು. ಎಷ್ಟು ದೂರದಲ್ಲಿದ್ದಾಳೆ, ಏರುತ್ತಿದ್ದಾಳೋ ಇಳಿಯುತ್ತಿದ್ದಾಳೋ, ಕಾಲು ತೆಬಾನನದೋ ಬೇರೆಯವರದೋ, ಎಲ್ಲ ಗೊತ್ತು.

ಓಣಿಯ ತಿರುವಿನಲ್ಲಿ, ಸರಿಯಾಗಿ ರೂಫಿನಾಳ ಕಿಟಕಿಯ ಕೆಳಗೆ, ತೆಬಾನ್ ಕಾಲನ್ನು ಎರಡು ಸಲ ಸುಮ್ಮನೆ ತಾಗಿಸುವನು. ಗುರ್, ಗುರ್. ಇಡೀ ಊರಿನಲ್ಲಿ ಬೇರೆಲ್ಲೂ ಹಾಗೆ ಮಾಡುವುದಿಲ್ಲ. ಮದುವೆಯಾದ ಹೊಸದರಲ್ಲಿ ರೂಫಿನಾ ಅದು ತನಗೇ ಎಂದುಕೊಂಡಿದ್ದಳು. ಹೋಗಿ ಬರ್ತೀನಿ ಎಂದು ಹೇಳುತ್ತಾನೆ ಎಂದುಕೊಂಡು ಕೈಯಲ್ಲಿ ಸಾಬೂನಿದ್ದರೂ ಕಿಟಕಿಗೆ ಓಡುತ್ತಿದ್ದಳು. ಒಂದು ದಿನ ನಾಚುತ್ತ ಕೇಳಿದಳು.

"ನಿಂಗಾ?" ಎಂದ ತೆಬಾನ್, ನಿಜಕ್ಕೂ ಆಶ್ಚರ್ಯಪಟ್ಟು. "ಅಲ್ವೇ, ಅದು ಸೆಪಾಳ ಬಾಣಲೆಗೆ. ತಿರುವಲ್ಲಿ ಗಾಡಿ ಇಟ್ಕೊಂಡು ಕುದಿಯೋ ಎಣ್ಣೇಲಿ ಬಾಳೆಹಣ್ಣು ಕರೀತಾಳಲ್ಲ. ಗುರ್ ಅಂದ್ರೆ ಗಾಡಿ ಒಳಗೆ ಎಳ್ಕೋತಾಳೆ."

ರೂಫಿನಾ ಒಂದು ವಾರ ಅವನ ಜೊತೆ ಮಾತಾಡಲಿಲ್ಲ. ಸೆಪಾಳ ಜೊತೆ ಒಂದು ತಿಂಗಳು. ಪಾಪ ಸೆಪಾಗೆ ಕಾರಣವೇ ಗೊತ್ತಾಗಲಿಲ್ಲ.

ಆ ಕೊನೆಯ ಭಾನುವಾರ ತೆಬಾನ್ ಬಲಮಗ್ಗುಲು ಉಜ್ಜಿ ಮುಗಿಸಿ ಎಡಮಗ್ಗುಲಿಗೆ ಪೇಸ್ಟು ಬಳಿದ. ಒಣಗಲೆಂದು ಕಾಯುತ್ತ ತಲೆ ಹಾಗೇ ಮುಂದಕ್ಕೆ ವಾಲಿಸಿದ. ನಿದ್ದೆ ಹೋಗಿದ್ದಾನೆ ಎಂದುಕೊಂಡರಂತೆ. ಎದೆ ನಿಂತಿತ್ತು. ರೂಫಿನಾ ಬುಟ್ಟಿಯಲ್ಲಿ ಹಾಲುಮೀನು ಇಟ್ಟುಕೊಂಡು ಮನೆಗೆ ಬಂದಾಗ ಬಾಗಿಲಲ್ಲಿ ದಳದ ಗಂಡಸರೆಲ್ಲ ಟೋಪಿ ತೆಗೆದು ನಿಂತಿದ್ದರು.

ದಳದವರು ಮರ್ಯಾದೆಗೆ ಏನೂ ಕಡಿಮೆ ಮಾಡಲಿಲ್ಲ. ಸುತ್ತಲಿನ ದಳಗಳ ಬಂಡಿಗಳೆಲ್ಲ ಸಾಲಾಗಿ ನಿಂತು, ಸದ್ದಿಲ್ಲದೆ ಬರೀ ದೀಪ ಸುತ್ತಿಸಿದವು. ವೈರ್‌ಲೆಸ್ಸಿನಲ್ಲಿ ವಿಲ್ಮಾ ದಳದಲ್ಲಿ ತೆಬಾನನಿಗಿದ್ದ ಸಂಖ್ಯೆಯನ್ನು ಮೂರು ಸಲ ಕರೆದಳು. ಉತ್ತರವಿಲ್ಲದ್ದಕ್ಕೆ, "ಇನ್ನು ಈ ಸಂಖ್ಯೆ ಕರೆಯೋದಿಲ್ಲ," ಎಂದಳು. ವಿಲ್ಮಾ ಬೀಗ ರಿಪೇರಿಯ ಅಂಗಡಿಯವಳು, ಗಂಡಸರ ಹಾಗೆ ಕೂದಲು ಕತ್ತರಿಸಿಕೊಂಡವಳು. ತೆಬಾನನ ಪಕ್ಕದ ಸೀಟಿನಲ್ಲಿ ವರ್ಷಗಟ್ಟಲೆ ಕೂತು ಬಂಡಿ ಓಡಿಸುವುದನ್ನು ಕಲಿತವಳು. ಅವಳು ಅತ್ತಳು. ರೂಫಿನಾ ಅವಳ ಕಣ್ಣೀರನ್ನು ಕಣ್ಣು ಕಿರಿದು ಮಾಡಿ ನೋಡಿದಳು. ಇಷ್ಟೊಂದು ಯಾಕೆ ಅಳಬೇಕು ಇವಳು?

ಮಣ್ಣು ಮುಚ್ಚಿದ ಮೇಲೆ ಬಂಡಿ ನೇರ ಕೊಟ್ಟಿಗೆಗೆ ಹೋಗಲಿಲ್ಲ. ಸತ್ತವನು ಬೆನ್ನು ಹತ್ತಿ ಬರಬಾರದೆಂದು ಮನುಷ್ಯರು ಹಾದಿಯಲ್ಲಿ ಎಲ್ಲಾದರೂ ನಿಂತು ಬರುವ ಹಾಗೆ, ಬಂಡಿಯನ್ನೂ ಬೇಕರಿಯ ಮುಂದೆ ನಿಲ್ಲಿಸಿ ಎಲ್ಲರೂ ಬನ್ನು ತಿಂದರು. ಅಲ್ಲಿ ಅಹ್ಯಾ ಬೋನಿ ಅವಳ ಬಳಿ ಬಂದ. ಅವನು ದಳದ ಮುಖ್ಯಸ್ಥ, ಕಬ್ಬಿಣದ ಅಂಗಡಿಯ ಚೀನೀ ಮನೆತನದವನು. ಅವರ ಮಾತಿನಲ್ಲಿ ಅಹ್ಯಾ ಎಂದರೆ ಅಣ್ಣ, ಓಣಿಗೆಲ್ಲ ಅವನು ಅಹ್ಯಾನೇ. ಕೈಯಲ್ಲಿ ದಳದ ಬಾವುಟದಲ್ಲಿ ಸುತ್ತಿದ ದೊಡ್ಡ ಗಂಟು.

"ರೂಫಿನಾ, ನಾವೆಲ್ಲ ಸೇರಿ ತೀರ್ಮಾನ ಮಾಡಿದ್ವಿ. ಬೋಲ್ಟು ಬಿಚ್ಚಿದ್ದೀವಿ. ಅವನಿಲ್ದೆ ದೋನ್ಯಾ ಬೇರೆಯವರ ಕಾಲ ಕೆಳಗೆ ಯಾಕೆ ಕೂಗ್ಬೇಕು? ಇನ್ಮೇಲೆ ಇವ್ಳು ನಿನ್ನೋಳು."

ಕಾಲುವೆಗೆ ಎಸೆಯಿರಿ ಎಂದು ಬಾಯಿಗೆ ಬಂದಿತ್ತು. ಆದರೆ ಎಲ್ಲರ ಕಣ್ಣೂ ಒದ್ದೆ. ಅವಳು ತೋಳು ಚಾಚಿದಳು. ಭಾರಕ್ಕೆ ಮೊಣಕಾಲು ಕುಸಿಯಿತು. ಹಿಂದಿನಿಂದ ಯಾರೋ ಹೆಂಗಸರು, "ಎಷ್ಟು ದುಃಖ ನೋಡು," ಎಂದರು.

ಮನೆಯಲ್ಲಿ ಇಡಲು ಜಾಗವಿರಲಿಲ್ಲ. ಊಟದ ಮೇಜಿನ ಕೆಳಗೆ, ಅಕ್ಕಿ ಡಬ್ಬದ ಪಕ್ಕ ಇಟ್ಟಳು. ಬಾವುಟ ಬಿಚ್ಚಿದಳು. ಆಗ ಅದು ಕಂಡಿತು.

ದೋನ್ಯಾಳ ಎಡಮಗ್ಗುಲಲ್ಲಿ ಟೂತ್‌ಪೇಸ್ಟು ಹಾಗೇ ಒಣಗಿತ್ತು. ಉಜ್ಜಿರಲಿಲ್ಲ. ಅದರ ನಡುವೆ ಒಂದು ಕೆನ್ನೆಯ ಅಚ್ಚು. ಎರಡು ದಿನದ ಗಡ್ಡದ ಸಣ್ಣ ಗೀರುಗಳು. ಮೇಲ್ಗಡೆ ಕಿವಿಯ ಅಂಚು. ಗಂಡಸರು ನೋಡಿಯೂ ಒರೆಸಲು ಕೈ ಬಾರದೆ ಬಿಟ್ಟಿದ್ದರೋ, ನೋಡಿಯೇ ಇರಲಿಲ್ಲವೋ.

ರೂಫಿನಾ ನೆಲದ ಮೇಲೆ ಕೂತುಬಿಟ್ಟಳು. ಗಂಡ ಸತ್ತ ಸಂಜೆ ಅವಳು ಕೈ ಸುಮ್ಮನಿರದೆ ಮನೆಯಲ್ಲಿದ್ದದ್ದನ್ನೆಲ್ಲ ಒಗೆದು ಹಾಕಿದ್ದಳು. ಅವನ ಅಂಗಿಗಳು, ಟವೆಲು, ದಿಂಬಿನ ಬಟ್ಟೆ. ಬೇರೆ ಹೆಂಗಸರು ಅಳುವ ಹೊತ್ತಲ್ಲಿ ಅವಳು ಒಗೆದಿದ್ದಳು. ಬೆಳಿಗ್ಗೆ ದಿಂಬಿಗೆ ಮೂಗಿಟ್ಟರೆ ಬರೀ ಸಾಬೂನು. ಅವಳ ಬಳಿ ಅವನದೇನೂ ಉಳಿದಿರಲಿಲ್ಲ. ಇವಳ ಬಳಿ ಕೆನ್ನೆ ಇತ್ತು.

"ಹಾದರಗಿತ್ತಿ," ಎಂದಳು ಮೇಜಿನ ಕೆಳಗೆ ಬಗ್ಗಿ.

ಬೇಕೆಂದರೆ ಒಂದು ಒದ್ದೆ ಬಟ್ಟೆ ಸಾಕಿತ್ತು. ಒರೆಸಲಿಲ್ಲ. ಹೂವಿನ ಚಿತ್ರದ ಮೇಣಬಟ್ಟೆಯೊಂದನ್ನು ಮೇಲೆ ಹೊದೆಸಿದಳು. ದಿನಕ್ಕೆ ಎಷ್ಟೋ ಸಲ ಅದನ್ನು ಎತ್ತಿ ನೋಡುವಳು. ನೋಡಿದರೆ ಹೊಟ್ಟೆ ಉರಿಯುವುದು. ನೋಡದಿದ್ದರೆ ಅದಕ್ಕಿಂತ ಹೆಚ್ಚು ಉರಿಯುವುದು.

ಒಂಬತ್ತು ದಿನದ ಪ್ರಾರ್ಥನೆ ಮುಗಿಯಿತು. ನಲವತ್ತನೇ ದಿನದವರೆಗೆ ಸತ್ತವನು ಮನೆಯ ಸುತ್ತ ಇರುತ್ತಾನೆ ಎನ್ನುವುದು ಅಲ್ಲಿನವರ ನಂಬಿಕೆ. ಅಷ್ಟು ದಿನವೂ ರೂಫಿನಾ ಮೇಜಿನ ಮೇಲೆ ಅವನಿಗೊಂದು ತಟ್ಟೆ ಇಟ್ಟಳು. ಅನ್ನ, ಹುಳಿ ಹಾಕಿದ ಮೀನು, ಒಂದು ಲೋಟ ಕಾಫಿ. ಇಟ್ಟು ಎದುರಿಗೆ ಕೂತು ಕಾವಲು ಕಾಯುವಳು. ತಟ್ಟೆ ಮೇಜಿನ ಮೇಲೆ, ದೋನ್ಯಾ ಮೇಜಿನ ಕೆಳಗೆ. ಅವನು ಬಂದರೆ ಯಾವ ಕಡೆಗೆ ಬಗ್ಗುತ್ತಾನೆ? ಒಂದು ಮಧ್ಯಾಹ್ನ ಮೇಣಬಟ್ಟೆ ಸ್ವಲ್ಪ ಸರಿದ ಹಾಗೆ ಕಂಡಿತು. ಬೆಕ್ಕೇ ಇರಬೇಕು. ಆದರೂ ಆ ದಿನ ಅವನ ಮೀನನ್ನು ಅವಳೇ ತಿಂದುಬಿಟ್ಟಳು.

ನಲವತ್ತನೇ ದಿನವೂ ಕಳೆಯಿತು. ಮೇಣಬಟ್ಟೆಯ ಕೆಳಗೆ ಅಚ್ಚು ಹಾಗೇ ಇತ್ತು.

ಬಂಡಿಗೆ ಈಗ ಹೊಸ ಡಬ್ಬಿ ಬಂದಿತ್ತು. ಯಾವುದೋ ಸಂಘದವರು ಹಿಂದೆಯೇ ದಾನ ಕೊಟ್ಟದ್ದು, ತೆಬಾನ್ ಇರುವ ತನಕ ಅದನ್ನು ಹತ್ತಿರ ಸೇರಿಸಿರಲಿಲ್ಲ. ನೆತ್ತಿಯ ಮೇಲಿನ ಒಂಟಿ ದೀಪ ಹೋಗಿ ಕೆಂಪು ನೀಲಿ ಮಿಣುಕುವ ಪಟ್ಟಿ ಬಂತು. ಓಡಿಸುವವಳು ವಿಲ್ಮಾ.

ಮಳೆಗಾಲ ಹಿಡಿಯುವುದಕ್ಕೆ ಮುಂಚಿನ ಒಂದು ಮಧ್ಯಾಹ್ನ. ರೂಫಿನಾ ಕಿಟಕಿಯ ಬಳಿ ಟಬ್ಬಿನಲ್ಲಿ ಬಟ್ಟೆ ಹಿಂಡುತ್ತಿದ್ದಳು. ಹೆದ್ದಾರಿಯ ಕಡೆಯಿಂದ ವಾಂಗ್‌ವಾಂಗ್ ಕೇಳಿತು. ಯಾವನೋ ಊಟಕ್ಕೆ ಹೊರಟ, ಎಂದುಕೊಂಡಳು. ಕುಂಯ್ ಕುಂಯ್ ಹತ್ತಿರ ಬಂತು. ಅವಳು ತಲೆ ಎತ್ತಲಿಲ್ಲ. ಕೆಳಗೆ ಯಾರೂ ತಲೆ ಎತ್ತಲಿಲ್ಲ. ಸೈಕಲ್ ರಿಕ್ಷಾದವರು ಅಲುಗಲಿಲ್ಲ. ತರಕಾರಿಯವನು ಬೇಕೆಂದೇ ತನ್ನ ಬುಟ್ಟಿಯನ್ನು ಇನ್ನೂ ಒಂದಿಷ್ಟು ಮುಂದಕ್ಕೆ ದಬ್ಬಿ, "ಕಾಯ್ಲಿ ಬಿಡು, ಸೂಪು ಆರಿದ್ರೆ ಸಾಯಲ್ಲ!" ಎಂದ. ಸೆಪಾ ಬಾಣಲೆಯಲ್ಲಿ ಬಾಳೆಹಣ್ಣು ತಿರುವುತ್ತಿದ್ದಳು.

ಆಮೇಲೆ ವಿಲ್ಮಾಳ ಕಿರುಚಾಟ ಕೇಳಿತು. "ಬೆಂಕಿ ರೀ! ನಾವು ರೀ! ದಾರಿ ಬಿಡಿ!"

ರೂಫಿನಾ ಕಿಟಕಿಯಿಂದ ಬಗ್ಗಿದಳು. ಕೆಂಪು ಬಂಡಿ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಅದರ ಬೋಳು ಮೂತಿ ಸೆಪಾಳ ಗಾಡಿಗೆ ತಾಗಿತ್ತು. ಬಾಣಲೆ ವಾಲಿ, ಎಣ್ಣೆ ಸೆಪಾಳ ಮುಂಗೈ ಮೇಲೆ. ಓಣಿಯ ಕೊನೆಯಲ್ಲಿ ಅಕ್ಕಿ ಅಂಗಡಿಯ ಉಗ್ರಾಣದಿಂದ ಹೊಗೆ ಏಳುತ್ತಿತ್ತು. ಬಂಡಿ ಅಲ್ಲಿಗೆ ತಲುಪುವ ಹೊತ್ತಿಗೆ ಉಗ್ರಾಣದ ಮಾಡು ಕುಸಿದಿತ್ತು. ಯಾರೂ ಸಾಯಲಿಲ್ಲ. ಸುಟ್ಟ ಅಕ್ಕಿಯ ವಾಸನೆ ಮಾತ್ರ ವಾರಗಟ್ಟಲೆ ಉಳಿಯಿತು.

ರೂಫಿನಾಳ ಕೈಯಲ್ಲಿ ಹಿಂಡಿದ ಅಂಗಿ ಹಾಗೇ ಇತ್ತು. ಓಣಿಯಲ್ಲೇ ಚುರುಕು ಕಿವಿ ಅವಳದು. ಅವಳೂ ತಲೆ ಎತ್ತಿರಲಿಲ್ಲ.

ಮೂರು ದಿನ ಬಿಟ್ಟು ಅಹ್ಯಾ ಬೋನಿ ಬಂದ. ಹಿಂದೆ ವಿಲ್ಮಾ. ಹೂರಣ ತುಂಬಿದ ಹೋಪಿಯಾದ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಇಬ್ಬರೂ ಕೂತರು. ಅಹ್ಯಾನ ಮೊಣಕಾಲು ಮೇಜಿನ ಕೆಳಗೆ ದೋನ್ಯಾಗೆ ತಾಗಿತು. ಅವನು ಬಿಸಿ ತಾಗಿದವನ ಹಾಗೆ ಕಾಲು ಎಳೆದುಕೊಂಡ.

"ತಪ್ಪಾಯ್ತು ರೂಫಿನಾ," ಎಂದ. "ಮರ್ಯಾದೆ ಮಾಡೋಣ ಅಂತ ಬಿಚ್ಚಿದ್ವಿ. ಬಂಡಿಯ ಗಂಟಲನ್ನೇ ಕಿತ್ಕೊಟ್ಟ ಹಾಗಾಯ್ತು. ಆ ಡಬ್ಬಿ ಕೂಗಿದ್ರೆ ನಮ್ಮನ್ನ ಯಾರೂ ಗುರುತಿಸಲ್ಲ. ದೋನ್ಯಾನ ವಾಪಸ್ ಕೊಡ್ತೀಯಾ?"

"ಕೊಡಲ್ಲ."

"ಯೋಚನೆ ಮಾಡಿ ಹೇಳು."

"ಮಾಡಿ ಆಯ್ತು. ಅವ್ನಿದ್ದಾಗ ಅವ್ನು ಇವಳ ಹತ್ರ ಇದ್ದ. ಈಗ ಇವಳು ನನ್ನ ಹತ್ರ ಇರ್ತಾಳೆ. ನ್ಯಾಯ ಅಂದ್ರೆ ನ್ಯಾಯ."

ವಿಲ್ಮಾ ಬಾಯಿ ಹಾಕಿದಳು. "ಅಕ್ಕ, ನಾನು ಹುಷಾರಾಗಿ ನೋಡ್ಕೋತೀನಿ. ಅಣ್ಣ ನಂಗೆಲ್ಲ ಕಲಿಸಿದಾರೆ. ಅವರ ಕಾಲು ಹೇಗೆ ಬೀಳ್ತಿತ್ತೋ ಹಾಗೇ..."

"ಏನೇನು ಕಲಿಸಿದ?" ಎಂದಳು ರೂಫಿನಾ. ಧ್ವನಿ ಚಾಕುವಿನ ಹಾಗಿತ್ತು. "ಹೇಳು. ಅಷ್ಟು ವರ್ಷ ಪಕ್ಕದಲ್ಲಿ ಕೂತಿದ್ದೆ. ನನ್ನ ಬಗ್ಗೆ ಏನು ಹೇಳ್ತಿದ್ದ? ನಗ್ತಿದ್ರಾ? ಹಿಂದೆ ಕೂತೋಳು ಅಂತ?"

ಅಹ್ಯಾ ಹೋಪಿಯಾದ ಪೊಟ್ಟಣ ನೋಡಿದ. ವಿಲ್ಮಾ ಅಗಿಯುತ್ತಿದ್ದ ಗಮ್ಮನ್ನು ಕೆನ್ನೆಯ ಬದಿಗೆ ತಳ್ಳಿದಳು.

"ಸುಳ್ಳು ಹೇಳ್ಲಾ, ನಿಜ ಹೇಳ್ಲಾ ಅಕ್ಕ?"

"ನಿಜ ಹೇಳೇ."

"ನಿಮ್ಮ ಬಗ್ಗೆ ಒಂದು ಮಾತೂ ಆಡ್ತಿರ್ಲಿಲ್ಲ. ಒಂದು ದಿನಾನೂ. ಗುಂಡು, ಗ್ರೀಸು, ಬ್ಯಾಟರಿ, ಅಷ್ಟೇ. ನಾವೆಲ್ಲ ನಮ್ಮ ನಮ್ಮನೆ ವಿಷ್ಯ ಹೇಳ್ಕೊಂಡು ಅಳ್ತಿದ್ವಿ. ಮನೇಲಿ ಹೇಗಣ್ಣ ಅಂತ ಕೇಳಿದ್ರೆ, ಅದು ನನ್ನ ಮನೆ, ನಿಮಗ್ಯಾಕೆ ಅಂತಿದ್ರು."

ಅಹ್ಯಾ ಇಬ್ಬರ ಮುಖವನ್ನೂ ನೋಡಿದ. ಕೆಲಸ ಕೆಟ್ಟಿತು ಎಂದುಕೊಂಡಿರಬೇಕು.

"ಒಂದು ಮಾತೂ ಇಲ್ವಾ?" ಎಂದಳು ರೂಫಿನಾ.

"ಇಲ್ಲ."

ರೂಫಿನಾ ಎದ್ದು ಪೊಟ್ಟಣದಿಂದ ಒಂದು ಹೋಪಿಯಾ ತೆಗೆದು ವಿಲ್ಮಾಳ ಮುಂದಿಟ್ಟಳು. "ತಿನ್ನು," ಎಂದಳು. ಆದರೆ ಹೊರಡುವಾಗ ಅಹ್ಯಾ ಮತ್ತೆ ಕೇಳಿದ್ದಕ್ಕೆ, "ಕೊಡಲ್ಲ ಅಂದ್ನಲ್ಲ," ಎಂದು ಬಾಗಿಲು ಹಾಕಿಕೊಂಡಳು.

ಅವರು ಹೋದ ಮೇಲೆ ಮೇಣಬಟ್ಟೆ ಎತ್ತಿದಳು. ಮನೆಯಲ್ಲಿ ತೆಬಾನ್ ಬಾಯಿ ತೆರೆದರೆ ದೋನ್ಯಾ, ದೋನ್ಯಾ. ದೋನ್ಯಾಳ ಹತ್ತಿರ ತನ್ನ ಹೆಸರೇ ಇಲ್ಲ. ಊರಿಗೆಲ್ಲ ತೋರಿಸಿಕೊಂಡು ಮೆರೆದದ್ದು ಇವಳನ್ನು. ಬಾಯಿ ಬಿಡದೆ ಇಟ್ಟುಕೊಂಡದ್ದು ತನ್ನನ್ನು. ರೂಫಿನಾ ಅದನ್ನು ಬಹಳ ಹೊತ್ತು ನಾಲಿಗೆಯ ಮೇಲಿಟ್ಟುಕೊಂಡು ಕೂತಳು. ರುಚಿಯಾಗಿತ್ತು.

ಕೆನ್ನೆಯ ಅಚ್ಚು ಮಾತ್ರ ಹಾಗೇ ನೋಡುತ್ತಿತ್ತು. ಬಂಡಿಯ ಮೂತಿಗೆ ಹೋದರೆ ಮೊದಲನೇ ಮಳೆಗೆ ಅದು ತೊಳೆದು ಹೋಗುತ್ತದೆ. ಈ ಊರಲ್ಲಿ ಮಳೆಗೆ ಹೇಳಿ ಕೇಳಿ ಬರುವ ಅಭ್ಯಾಸವಿಲ್ಲ. ಅವಳು ಕೊಡುವುದಿಲ್ಲ ಎಂದದ್ದು ಅದಕ್ಕೇ. ನ್ಯಾಯ ಗೀಯ ಎಲ್ಲ ಬಾಯಿಗೆ ಬಂದ ಮಾತು.

ಮಾರನೇ ದಿನ ಸೆಪಾ ಮೆಟ್ಟಿಲು ಹತ್ತಿ ಬಂದಳು. ಮುಂಗೈಗೆ ಬಿಳಿ ಪಟ್ಟಿ. ಇನ್ನೊಂದು ಕೈಯಲ್ಲಿ ಕಡ್ಡಿಗೆ ಚುಚ್ಚಿದ ಸಕ್ಕರೆ ಪಾಕದ ಬಾಳೆಹಣ್ಣು.

"ತಗೋ. ಎಡಗೈಲಿ ಕರಿದಿದ್ದು, ಸ್ವಲ್ಪ ಕರಕಲು."

"ಅವರು ಕಳಿಸಿದ್ರಾ ನಿನ್ನ?"

"ನನ್ನ ಕಳಿಸೋ ಗಂಡಸು ಇನ್ನೂ ಹುಟ್ಟಿಲ್ಲ." ಸೆಪಾ ಉಸ್ಸೆಂದು ಕೂತಳು. "ಎಲ್ಲಿ ಅವಳು?"

ರೂಫಿನಾ ಕಣ್ಣಿನಲ್ಲೇ ಮೇಜಿನ ಕೆಳಗೆ ತೋರಿಸಿದಳು. ಸೆಪಾ ಬಗ್ಗಿ ಮೇಣಬಟ್ಟೆಗೆ ಕೈ ಚಾಚಿದ್ದೇ ತಡ, "ಮುಟ್ಟಬೇಡ!" ಎಂದು ರೂಫಿನಾ ಕೂಗಿದಳು. ಸೆಪಾ ಕೈ ಹಿಂತೆಗೆದಳು.

"ಅಬ್ಬಬ್ಬಾ. ಗಂಡನ್ನ ಮುಟ್ಟಿದ್ರೂ ಇಷ್ಟು ಕೂಗ್ತಿರ್ಲಿಲ್ವೇನೋ ನೀನು."

"ಗಂಡ ನಿಂಗೇ ಗುರ್ ಗುರ್ ಅಂತಿದ್ದ. ನಂಗೇನು ಗೊತ್ತಿಲ್ವಾ?"

ಸೆಪಾ ಬಾಯಿ ತೆರೆದು ನೋಡಿದಳು. ಆಮೇಲೆ ಅವಳ ಇಡೀ ದೊಡ್ಡ ಮೈ ನಗುವಿನಲ್ಲಿ ಅಲುಗಾಡಿತು. "ಅದಕ್ಕಾ! ಆ ಕಾಲದಲ್ಲಿ ಒಂದು ತಿಂಗಳು ಮಾತು ಬಿಟ್ಟಿದ್ದು ಅದಕ್ಕಾ! ನಾನು ನಿನ್ನ ಕೋಳಿ ಕದ್ದೆ ಅಂದ್ಕೊಂಡಿದೀಯ ಅಂತ ಇಷ್ಟು ವರ್ಷ ನೊಂದ್ಕೊಂಡೆ ಕಣೇ." ಕಣ್ಣು ಒರೆಸಿಕೊಂಡಳು. ನಗು ನಿಂತಿತು. ಪಟ್ಟಿ ಕಟ್ಟಿದ ಕೈಯನ್ನು ಮೇಜಿನ ಮೇಲಿಟ್ಟಳು. "ನೋಡು ರೂಫಿನಾ. ಎಣ್ಣೆ ಕುದಿಸ್ಕೊಂಡು ತಿರುವಲ್ಲಿ ನಿಲ್ಲೋಳು ನಾನು. ಬೆನ್ನು ರಸ್ತೆಗೆ. ಅವಳ ಗುರ್ ಅಂದ್ರೆ ನನ್ನ ಕೈ ತಾನಾಗೇ ಗಾಡಿ ಎಳೀತಿತ್ತು, ತಲೇಗೆ ಹೇಳ್ಬೇಕಿರ್ಲಿಲ್ಲ. ಈಗ ಪ್ರತಿ ಕುಂಯ್‌ಗೂ ಎಳೆದ್ರೆ ದಿನಾ ಎಳೀತಾನೇ ಇರ್ಬೇಕು. ಎಳೀದಿದ್ರೆ ಇಗೋ, ಇದು. ನಂಗೆ ನಿದ್ದೆ ಬರ್ತಿಲ್ಲ."

ರೂಫಿನಾ ಬಾಳೆಹಣ್ಣು ಕಚ್ಚಿದಳು. ಕರಕಲೇ ಆಗಿತ್ತು.

"ನೀನು ಬೇರೆ ಕಡೆ ಗಾಡಿ ಇಡು."

"ನಿನ್ನ ಕಿಟಕಿ ಕೆಳಗಿಂದ ಎಲ್ಲಿಗೆ ಹೋಗ್ಲಿ? ಬೈಯೋಕೆ ನಿಂಗೆ ಯಾರು ಸಿಗ್ತಾರೆ?"

ಸೆಪಾ ಇಳಿದು ಹೋದಳು. ಮೆಟ್ಟಿಲಿನಲ್ಲಿ ಬಲಗೈ ಊರಲಾಗದೆ ಗೋಡೆಗೆ ಭುಜ ಕೊಟ್ಟು ಇಳಿಯುವುದು ಕೇಳುತ್ತಿತ್ತು. ಹೆಜ್ಜೆ, ಉಸಿರು, ಹೆಜ್ಜೆ.

ರೂಫಿನಾ ಬಾಗಿಲು ಹಾಕಿದಳು. ಅದು ಕಿರುಗುಟ್ಟಿತು. ಮೇಜನ್ನು ಪಕ್ಕಕ್ಕೆ ದಬ್ಬಿದಳು. ಮೇಣಬಟ್ಟೆ ತೆಗೆದಳು. ದೋನ್ಯಾಳ ಎದುರು ಚಕ್ಕಳಮಕ್ಕಳ ಹಾಕಿ ಕೂತಳು.

ಅಚ್ಚಿನ ಹತ್ತಿರಕ್ಕೆ ತನ್ನ ಕೆನ್ನೆ ಒಯ್ದಳು. ತಾಗಿಸಲಿಲ್ಲ. ತಾಗಿಸಿದರೆ ಅವನದು ಕೆಟ್ಟು ತನ್ನದು ಮೂಡುತ್ತದೆ. ಹಾಗೇ ಒಂದು ಬೆರಳಿನಷ್ಟು ದೂರದಲ್ಲಿ ಕೆನ್ನೆ ಹಿಡಿದು ಕೂತಳು. ಪುದೀನದ ವಾಸನೆ ಇನ್ನೂ ಒಂಚೂರು ಇತ್ತು.

ಆಮೇಲೆ ಎದ್ದು ನೀರು ಬಿಸಿ ಮಾಡಿದಳು. ಅವನ ಹಳೆಯ ಬನಿಯನ್ನಿನ ಚಿಂದಿ ಅದ್ದಿ ಹಿಂಡಿದಳು. ಮಳೆಗೆ ಬಿಟ್ಟುಕೊಡುವುದೇ? ವಿಲ್ಮಾಳ ಚಿಂದಿಗೆ? ಊರಿಗೆಲ್ಲ ಕಾಣುವ ಹಾಗೆ ಇವಳು ಅದನ್ನು ಮುಖದ ಮೇಲೆ ಹೊತ್ತುಕೊಂಡು ತಿರುಗುವುದೇ? ತೆಗೆದರೆ ತಾನೇ ತೆಗೆಯಬೇಕು. ಕರೆ ತೆಗೆಯುವುದು ತನ್ನ ಕಸುಬು. ಮೊದಲು ಕಿವಿಯ ಅಂಚು ಒರೆಸಿದಳು. ಆಮೇಲೆ ಗಡ್ಡದ ಗೀರು. ಕಡೆಗೆ ಕೆನ್ನೆ. ಬೂದು ನೀರು ಮೊಣಕೈವರೆಗೆ ಇಳಿಯಿತು. ಅವಳು ಜೋರಾಗಿ ಅತ್ತಳು. ಮಣ್ಣು ಮಾಡಿದ ದಿನವೂ ಹಾಗೆ ಅತ್ತಿರಲಿಲ್ಲ. ಅಳುತ್ತಲೇ ಒಣ ಬಟ್ಟೆ ತೆಗೆದುಕೊಂಡು ಉಜ್ಜಿದಳು. ಅವನು ಅರ್ಧಕ್ಕೆ ಬಿಟ್ಟ ಕೆಲಸ. ಎಡಮಗ್ಗುಲೂ ಬಲಮಗ್ಗುಲಿನ ಹಾಗೆ ಹೊಳೆಯುವವರೆಗೆ ಬಿಡಲಿಲ್ಲ. ಹೊಳಪಿನಲ್ಲಿ ಅಗಲವಾಗಿ, ಸೊಟ್ಟವಾಗಿ, ಕೆಂಪು ಮೂಗಿನ ಒಬ್ಬ ಮುದುಕಿ ಕಂಡಳು.

"ನೋಡ್ಕೋ," ಎಂದಳು ದೋನ್ಯಾಗೆ. "ಈಗ ನಿಂಗೂ ಇಲ್ಲ."

ಸಂಜೆ ಗಂಟನ್ನು ಬಟ್ಟೆ ಒಯ್ಯುವ ಕೈಗಾಡಿಯಲ್ಲಿ ಹಾಕಿಕೊಂಡು ತಾನೇ ಕೊಟ್ಟಿಗೆಗೆ ಹೋದಳು. ಅಹ್ಯಾ ಓಡಿ ಬಂದ. ಇಬ್ಬರು ಗಂಡಸರು ಬೋಲ್ಟು ಹುಡುಕಿ ತಂದರು. ರೂಫಿನಾ ಪಕ್ಕದಲ್ಲೇ ನಿಂತು ಪ್ರತಿಯೊಂದು ಬಿಗಿಯುವುದನ್ನು ನೋಡಿದಳು.

"ಭಾನುವಾರ ಉಜ್ಜೋದು ನಾನು," ಎಂದಳು. "ಬೇರೆ ಯಾರೂ ಕೈ ಹಚ್ಚಕೂಡದು."

"ಆಯ್ತಮ್ಮ," ಎಂದ ಅಹ್ಯಾ.

"ಟೂತ್‌ಪೇಸ್ಟು ದಳದ್ದು."

"ಆಯ್ತು ಆಯ್ತು."

"ನೀನೂ ಮುಟ್ಟಕೂಡದು," ಎಂದಳು ವಿಲ್ಮಾಳ ಕಡೆ ತಿರುಗಿ.

"ಕಾಲಲ್ಲಿ ಮುಟ್ಬೋದಾ ಅಕ್ಕ?"

"ಕಾಲಲ್ಲಿ ಮುಟ್ಟು. ಕೈ ಹಚ್ಚಿದ್ರೆ ಮುರೀತೀನಿ."

ಬ್ಯಾಟರಿಯ ತಂತಿ ಸೇರಿಸಿದ ಮೇಲೆ ಒಮ್ಮೆ ಒತ್ತಿ ನೋಡಬೇಕಲ್ಲ, ಅಹ್ಯಾ ಮುಂದಿನ ಬಾಗಿಲು ತೆರೆದು, "ನೀನೇ ಹತ್ತು," ಎಂದ. ಮದುವೆಯ ದಿನದಿಂದ ಈವರೆಗೆ ರೂಫಿನಾ ಆ ಸೀಟಿನಲ್ಲಿ ಕೂತವಳಲ್ಲ. ಅವಳು ಸೀಟು ನೋಡಿದಳು, ನೆಲದ ಗುಂಡಿ ನೋಡಿದಳು. ತೆಬಾನನ ಚಪ್ಪಲಿ ತಾಗಿ ತಾಗಿ ಗುಂಡಿಯ ಒಂದು ಅಂಚು ಸವೆದಿತ್ತು.

"ಬೇಡ," ಎಂದಳು. "ಅದು ಅವರಿಬ್ಬರ ಮಧ್ಯದ್ದು." ಕೈಗಾಡಿ ತಳ್ಳಿಕೊಂಡು ಮನೆಗೆ ನಡೆದಳು. ಬೆನ್ನ ಹಿಂದೆ ದೋನ್ಯಾ ಒಂದು ಸಲ ಗಂಟಲು ಸರಿಮಾಡಿಕೊಂಡಳು.

ಮಳೆ ಹಿಡಿಯಿತು. ಒಂದು ಬೆಳಿಗ್ಗೆ ರೂಫಿನಾ ಯಾರದೋ ಅಂಗಿಯ ಕಾಲರು ಉಜ್ಜುತ್ತಿರುವಾಗ ಕೊಟ್ಟಿಗೆಯ ಕಡೆಯಿಂದ ಆ ಸದ್ದು ಎದ್ದಿತು. ಮೊದಲು ಹೊಟ್ಟೆಯೊಳಗಿಂದ, ಆಮೇಲೆ ಏರುತ್ತ. ಓಣಿಯಲ್ಲಿ ರಿಕ್ಷಾಗಳು ಗೋಡೆಗೆ ಒತ್ತಿಕೊಂಡವು. ತರಕಾರಿಯವನು ಬುಟ್ಟಿ ಎಳೆದುಕೊಂಡ. ತಿರುವಿಗೆ ಬಂದಾಗ, ಗುರ್, ಗುರ್. ಕಾಲು ವಿಲ್ಮಾಳದು, ಎರಡನೆಯದು ಸ್ವಲ್ಪ ಅವಸರ. ಸೆಪಾಳ ಕೈ ತಿರುಗಿ ನೋಡದೆ ಗಾಡಿ ಎಳೆದುಕೊಂಡಿತು.

ರೂಫಿನಾ ಕಿಟಕಿಗೆ ಓಡಲಿಲ್ಲ. ಸಾಬೂನು ಕೈಯಲ್ಲೇ ಇತ್ತು. ಕೂತಲ್ಲಿಂದಲೇ ಹೊರಗೆ ಕೇಳುವ ಹಾಗೆ ಕೂಗಿದಳು:

"ಹೋಗೇ ಬಿನ್ನಾಣಗಿತ್ತಿ! ಎಲ್ಲರೂ ಪಕ್ಕಕ್ಕೆ ಸರಿದಿದೀವಿ, ಹೋಗು!"

ಕೂಗಿ, ಕಾಲರು ಉಜ್ಜುವುದನ್ನು ನಿಲ್ಲಿಸಿ, ಅದು ಪೂರ್ತಿ ಇಳಿಯುವವರೆಗೆ ಕೇಳುತ್ತ ಕೂತಳು.